ಅಳಿಲು ಫೀಡರ್‌ಗೆ ಬರುವ ದಾರಿ ಯಾವುದು? ಹಕ್ಕಿಗಳ ಕಾಳಿನ ಪಾತ್ರೆಗೊಂದು ದೋಷ ನಿವಾರಣೆ ಕೈಪಿಡಿ

ಬೆಳಗ್ಗೆ ತುಂಬಿಸಿದ ಕಾಳು ಮಧ್ಯಾಹ್ನದೊಳಗೆ ಖಾಲಿಯಾಗುವುದು, ಹಕ್ಕಿಗಳು ಹತ್ತಿರ ಬಂದರೂ ಕೂರದೆ ಹಾರಿಹೋಗುವುದು, ಕಾಳು ಹೊರಬರುವ ಕಿಂಡಿಯ ಅಂಚು ದಿನೇ ದಿನೇ ಅಗಲವಾಗುವುದು, ಕೆಲವೊಮ್ಮೆ ಫೀಡರೇ ಕೊಕ್ಕೆಯಿಂದ ಕಳಚಿ ನೆಲಕ್ಕೆ ಬಿದ್ದಿರುವುದು, ಇವು ಹಿತ್ತಲಿನ ಫೀಡರ್‌ಗೆ ಅಳಿಲಿನ ಕಾಟ ಶುರುವಾಗಿದೆ ಎಂಬುದರ ಸಾಮಾನ್ಯ ಲಕ್ಷಣಗಳು. ಆಗ ಹೆಚ್ಚಿನವರು ಮೊದಲು ಮಾಡುವ ಕೆಲಸವೆಂದರೆ ‘ಅಳಿಲು ನಿರೋಧಕ’ ಎಂಬ ಹೆಸರು ಹೊತ್ತ ಹೊಸ ಫೀಡರ್ ಕೊಳ್ಳುವುದು. ಅದು ಕೊನೆಗೆ ಮಾಡಬೇಕಾದ ಕೆಲಸ. ದೋಷ ಬಹುಪಾಲು ಫೀಡರ್‌ನಲ್ಲಿ ಇರುವುದಿಲ್ಲ; ಅದನ್ನು ನಿಲ್ಲಿಸಿದ ಜಾಗದಲ್ಲಿ, ಅಂದರೆ ಅಳಿಲು ಅಲ್ಲಿಗೆ ತಲುಪಲು ತೆರೆದುಕೊಂಡಿರುವ ದಾರಿಯಲ್ಲಿ ಇರುತ್ತದೆ. ಆದ್ದರಿಂದ ಈ ಕೈಪಿಡಿಯಲ್ಲಿ ಪರೀಕ್ಷೆಗಳನ್ನು ಒಂದು ಕ್ರಮದಲ್ಲಿ ಕೊಡಲಾಗಿದೆ: ಮೊದಲು ಕಳ್ಳ ಯಾರು, ನಂತರ ದಾರಿ ಯಾವುದು, ಆಮೇಲೆ ತಡೆ ಏಕೆ ಕೆಲಸ ಮಾಡುತ್ತಿಲ್ಲ, ಅದಾದ ಮೇಲೆ ಫೀಡರ್‌ನ ಯಾಂತ್ರಿಕ ಭಾಗ, ಕೊನೆಯಲ್ಲಿ ಕಾಳು. ಈ ಕ್ರಮವನ್ನು ತಪ್ಪಿಸಿ ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿದರೆ ತೊಂದರೆ ನಿಂತರೂ ಯಾವುದರಿಂದ ನಿಂತಿತು ಎಂದು ತಿಳಿಯುವುದಿಲ್ಲ, ಮತ್ತೆ ಶುರುವಾದಾಗ ಎಲ್ಲಿ ನೋಡಬೇಕೆಂದೂ ತಿಳಿಯುವುದಿಲ್ಲ.

ಕಾಳು ನಿಜವಾಗಿಯೂ ಅಳಿಲಿನ ಪಾಲಾಗುತ್ತಿದೆಯೇ?

ಕಾಳು ಕಡಿಮೆಯಾಗುತ್ತಿದೆ ಎಂಬುದಷ್ಟೇ ಅಳಿಲಿನ ವಿರುದ್ಧ ಸಾಕ್ಷ್ಯವಲ್ಲ. ಸಂಜೆ ಕತ್ತಲಾಗುವ ಹೊತ್ತಿಗೆ ಫೀಡರನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಟ್ಟುಕೊಂಡು, ಬೆಳಕು ಹರಿಯುವ ಮುನ್ನ ಮತ್ತೊಮ್ಮೆ ತೂಗಬೇಕು. ಮರದ ಮೇಲೆ ಬಾಳುವ ಸಾಮಾನ್ಯ ಅಳಿಲುಗಳು ಹಗಲಿನ ಪ್ರಾಣಿಗಳಾದ್ದರಿಂದ, ರಾತ್ರಿಯಲ್ಲಿ ತೂಕ ಇಳಿದಿದ್ದರೆ ಅದು ಇಲಿಯ, ಹಾರುವ ಅಳಿಲಿನ ಅಥವಾ ಬೇರಾವುದೋ ನಿಶಾಚರಿಯ ಕೆಲಸ. ಇದಕ್ಕೆ ಅತ್ಯಂತ ಸರಳ ಪರಿಹಾರವೆಂದರೆ ರಾತ್ರಿ ಫೀಡರನ್ನು ಒಳಗೆ ತೆಗೆದಿಡುವುದು.

ಹಗಲಿನಲ್ಲೇ ಇಳಿಯುತ್ತಿದ್ದರೆ ಫೀಡರ್‌ನ ಕೆಳಗೆ ಒಂದು ಹಳೆಯ ಬಟ್ಟೆ ಹಾಸಿ ಅರ್ಧ ದಿನ ಬಿಡಬೇಕು. ಬಟ್ಟೆಯ ಮೇಲೆ ಸಿಪ್ಪೆಗಿಂತ ಇಡೀ ಕಾಳೇ ಹೆಚ್ಚಾಗಿ ಬಿದ್ದಿದ್ದರೆ, ಮಿಶ್ರ ಕಾಳಿನಲ್ಲಿ ತಮಗೆ ಬೇಕಾದ ಬೀಜವನ್ನು ಹುಡುಕುವ ಹಕ್ಕಿಗಳೇ ಉಳಿದದ್ದನ್ನು ಕೆದರಿ ಚೆಲ್ಲುತ್ತಿವೆ ಎಂದರ್ಥ. ಮಿಶ್ರಣವನ್ನು ಬಿಟ್ಟು ಒಂದೇ ಬಗೆಯ ಕಾಳು ಹಾಕಿದರೆ ಈ ನಷ್ಟ ತಗ್ಗುತ್ತದೆ. ಪ್ಲಾಸ್ಟಿಕ್ ಅಥವಾ ಮರದ ಅಂಚಿನಲ್ಲಿ ಪಕ್ಕಪಕ್ಕದಲ್ಲಿ ಜೋಡಿಯಾಗಿ ಗೀರಿದ ಗುರುತುಗಳಿದ್ದರೆ ಮಾತ್ರ ಅನುಮಾನಕ್ಕೆ ಎಡೆಯಿಲ್ಲ. ಅಳಿಲು, ಇಲಿಯಂತಹ ದಂಶಕಗಳ (ಕಡಿಯುವ ಪ್ರಾಣಿಗಳ) ಬಾಚಿಹಲ್ಲುಗಳು ಜೀವಮಾನವಿಡೀ ಬೆಳೆಯುತ್ತಲೇ ಇರುವುದರಿಂದ ಅವು ಕಡಿಯುವುದನ್ನು ನಿಲ್ಲಿಸುವುದಿಲ್ಲ. ಹೀಗೆ ಕಡಿದು ಅಗಲವಾದ ಕಿಂಡಿಗೆ ಲೋಹದ ಅಂಚು ಕೂರಿಸದೆ ಮುಂದಿನ ಯಾವ ದುರಸ್ತಿಯೂ ಪೂರ್ಣವಾಗುವುದಿಲ್ಲ.

ದಾರಿ ಹುಡುಕುವುದು

ಅಳಿಲು ಫೀಡರ್‌ಗೆ ಬರುವ ದಾರಿಗಳು ಮೂರೇ: ಕೆಳಗಿನಿಂದ ಹತ್ತುವುದು, ಪಕ್ಕದಿಂದ ಜಿಗಿಯುವುದು, ಮೇಲಿನಿಂದ ಇಳಿಯುವುದು ಅಥವಾ ಬೀಳುವುದು. ನಿಮ್ಮ ಅಳಿಲು ಯಾವ ದಾರಿ ಹಿಡಿದಿದೆ ಎಂಬುದನ್ನು ಊಹಿಸಬಾರದು, ನೋಡಬೇಕು. ಕಿಟಕಿಯ ಹಿಂದೆ ಅಲುಗಾಡದೆ ಕುಳಿತು ನೋಡುವಷ್ಟು ಬಿಡುವಿಲ್ಲದಿದ್ದರೆ ಫೋನನ್ನು ನಿಲ್ಲಿಸಿ ವಿಡಿಯೊ ಚಾಲೂ ಮಾಡಿ ಬಿಡಬಹುದು. ಅದೂ ಆಗದಿದ್ದರೆ ಕಂಬದ ನಡುಭಾಗಕ್ಕೂ ಫೀಡರ್‌ನ ಮುಚ್ಚಳಕ್ಕೂ ಸೀಮೆಸುಣ್ಣದ ಪುಡಿಯನ್ನು ತೆಳ್ಳಗೆ ಸವರಿ ಸಂಜೆ ನೋಡಬೇಕು. ಕಂಬದ ಪುಡಿ ಕೆದರಿದ್ದರೆ ದಾರಿ ಕೆಳಗಿನದು. ಕಂಬ ಶುದ್ಧವಾಗಿದ್ದು ಮುಚ್ಚಳದ ಪುಡಿ ಕೆದರಿದ್ದರೆ ಮೇಲಿನದು. ಎರಡೂ ಹಾಗೇ ಇದ್ದು ಕಾಳು ಮಾತ್ರ ಹೋಗಿದ್ದರೆ ಅದು ಪಕ್ಕದಿಂದ ಜಿಗಿದು ನೇರವಾಗಿ ಕೂರುವ ಕಡ್ಡಿಯನ್ನೋ ಕಾಳಿನ ತಟ್ಟೆಯನ್ನೋ ಹಿಡಿದಿದೆ. ಮುಚ್ಚಳದ ಮೇಲೆ ಹಕ್ಕಿಗಳೂ ಕೂರುವುದರಿಂದ ಅಲ್ಲಿ ಹೆಜ್ಜೆಯ ಆಕಾರವನ್ನು ನೋಡಿಯೇ ತೀರ್ಮಾನಿಸಬೇಕು.

ದಾರಿ ತಿಳಿದ ಮೇಲೆ ಅಳತೆಪಟ್ಟಿ ಹಿಡಿಯಬೇಕು. ಉತ್ತರ ಅಮೆರಿಕ, ಬ್ರಿಟನ್ನುಗಳಲ್ಲಿ ಸಾಮಾನ್ಯವಾದ ದೊಡ್ಡ ಬೂದು ಅಳಿಲನ್ನು ಗಮನದಲ್ಲಿಟ್ಟು ಬಳಕೆಗೆ ಬಂದಿರುವ ಅಳತೆ ಹೀಗಿದೆ: ನೆಲದಿಂದ ಫೀಡರ್‌ನ ತಳಕ್ಕೆ ಕನಿಷ್ಠ 5 ಅಡಿ, ಪಕ್ಕದ ಯಾವುದೇ ಆಸರೆಯಿಂದ 7 ಅಡಿ, ಮೇಲಿನ ಆಸರೆಯಿಂದ 9 ಅಡಿ. ನನ್ನ ಅಭಿಪ್ರಾಯದಲ್ಲಿ ಪಕ್ಕದ ಅಂತರಕ್ಕೆ 7 ಅಡಿ ಸಾಲದು, 10 ಅಡಿ ಬೇಕು. ಏಕೆಂದರೆ ಎತ್ತರದ ಜಾಗದಿಂದ ಕೆಳಮುಖವಾಗಿ ಜಿಗಿಯುವ ಅಳಿಲು ಸಮತಟ್ಟಿನಲ್ಲಿ ಜಿಗಿಯುವುದಕ್ಕಿಂತ ದೂರ ಹೋಗುತ್ತದೆ. ಸಣ್ಣ ಜಾತಿಯ ಅಳಿಲುಗಳಿರುವಲ್ಲಿ ಈ ಅಂತರಗಳು ಅಗತ್ಯಕ್ಕಿಂತ ಹೆಚ್ಚೇ ಆದರೂ, ಅವನ್ನೇ ಇಟ್ಟುಕೊಂಡರೆ ನಷ್ಟವೇನಿಲ್ಲ.

ಅಳೆಯುವಾಗ ಮರವೊಂದನ್ನೇ ನೋಡುವುದು ಸಾಮಾನ್ಯ ಲೋಪ. ಮರದ ಕಾಂಡ 12 ಅಡಿ ದೂರದಲ್ಲಿದ್ದು ಅದರ ಕೊಂಬೆಯ ತುದಿ 6 ಅಡಿ ದೂರದಲ್ಲಿದ್ದರೆ ಲೆಕ್ಕಕ್ಕೆ ಬರುವುದು 6 ಅಡಿ. ಬಟ್ಟೆ ಒಣಹಾಕುವ ತಂತಿ, ಕಾಂಪೌಂಡ್ ಗೋಡೆ, ಕಿಟಕಿಯ ಸಜ್ಜೆ, ಏಸಿಯ ಹೊರಘಟಕ, ಮಳೆನೀರಿನ ಪೈಪು, ಕಸದ ಡಬ್ಬಿ, ದಿನದ ಕೆಲವು ಹೊತ್ತು ಮಾತ್ರ ಅಲ್ಲಿ ನಿಲ್ಲುವ ಸ್ಕೂಟರ್, ಇವೆಲ್ಲವೂ ಆಸರೆಗಳೇ. ಕೊನೆಯದು ವಿಶೇಷವಾಗಿ ದಾರಿ ತಪ್ಪಿಸುತ್ತದೆ: ಕಾಳು ಕೆಲವು ದಿನ ಉಳಿದು ಕೆಲವು ದಿನ ಮಾಯವಾಗುತ್ತಿದ್ದರೆ ಅಳಿಲಿನ ಬುದ್ಧಿವಂತಿಕೆಯನ್ನು ಹೊಗಳುವ ಮೊದಲು ಆ ದಿನಗಳಲ್ಲಿ ಹಿತ್ತಲಿನಲ್ಲಿ ಏನು ಸ್ಥಳ ಬದಲಿಸಿತ್ತು ಎಂದು ವಿಚಾರಿಸಬೇಕು.

ಒಂದು ಕಾಲದಲ್ಲಿ ಸರಿಯಾಗಿದ್ದ ಫೀಡರ್ ಈಗ ಕೈಕೊಟ್ಟಿದ್ದರೆ ಕಾರಣ ಇನ್ನೂ ಸ್ಪಷ್ಟ. ಕೊಂಬೆ ಬೆಳೆದಿದೆ, ಅಥವಾ ಎಲೆಯ ಮತ್ತು ಕಾಯಿಯ ಭಾರಕ್ಕೆ ಬಾಗಿದೆ. ಕಂಬ ಮಳೆಗೆ ಸಡಿಲವಾದ ಮಣ್ಣಿನಲ್ಲಿ ವಾಲಿದೆ. ಹಿಮ ಬೀಳುವ ಪ್ರದೇಶವಾದರೆ ರಾಶಿಯಾದ ಹಿಮ ನೆಲವನ್ನೇ ಒಂದೆರಡು ಅಡಿ ಮೇಲಕ್ಕೆ ತಂದಿದೆ. ಅಳತೆ ಫೀಡರನ್ನು ನಿಲ್ಲಿಸಿದ ದಿನದ್ದಾಗಿರದೆ ಇಂದಿನದಾಗಿರಬೇಕು.

ಮರದ ಕೊಂಬೆಗೇ ಫೀಡರ್ ತೂಗುಹಾಕಿದ್ದರೆ ದೋಷವನ್ನು ಹುಡುಕುವ ಅಗತ್ಯವೇ ಇಲ್ಲ. ಅಳಿಲಿನ ಹಿಂಗಾಲಿನ ಪಾದ ಪೂರ್ತಿ ಹಿಂದಕ್ಕೆ ತಿರುಗುವುದರಿಂದ ಅದು ತಲೆಕೆಳಗಾಗಿ ಇಳಿಯಬಲ್ಲದು, ಹಿಂಗಾಲಿನಲ್ಲಿ ನೇತುಬಿದ್ದು ಎರಡೂ ಕೈಗಳಿಂದ ತಿನ್ನಬಲ್ಲದು. ಫೀಡರನ್ನು ಬಯಲಿನ ಕಂಬಕ್ಕೆ ವರ್ಗಾಯಿಸುವುದೇ ಸರಿ. ಹಾಗೆ ಮಾಡಲಾಗದಿದ್ದರೆ ಮೇಲೆ ಅಗಲವಾದ ಗುಮ್ಮಟದ ತಡೆ ಹಾಕಬೇಕು. ಎರಡು ಕಂಬಗಳ ನಡುವೆ ಕಟ್ಟಿದ ತಂತಿಗೆ ತೂಗುಹಾಕಿದ್ದರೆ, ಫೀಡರ್‌ನ ಎರಡೂ ಬದಿಯಲ್ಲಿ ತಂತಿಯ ಮೇಲೆ ಸುಲಭವಾಗಿ ತಿರುಗುವ ಪಿವಿಸಿ ಪೈಪಿನ ತುಂಡುಗಳನ್ನು ಪೋಣಿಸಬಹುದು. ಪೈಪು ತಿರುಗದೆ ಬಿಗಿಯಾಗಿ ನಿಂತರೆ ಅದು ಅಳಿಲಿಗೆ ಹಾಸಿಕೊಟ್ಟ ಸೇತುವೆಯಾಗುತ್ತದೆ ಎಂಬುದನ್ನು ಮರೆಯಬಾರದು.

ಕಂಬಕ್ಕೆ ತಡೆ ಇದ್ದೂ ಹತ್ತುತ್ತಿದ್ದರೆ

ಕಂಬದ ಮೇಲೆ ಹತ್ತುವುದನ್ನು ತಡೆಯಲು ಹಾಕುವ ಶಂಕುವಿನ ಅಥವಾ ಕೊಳವೆಯ ಆಕಾರದ ಅಡ್ಡಿಗೆ ಬ್ಯಾಫಲ್ ಎನ್ನುತ್ತಾರೆ. ಇವೆರಡರಲ್ಲಿ ಕೊಳವೆಯೇ ಹೆಚ್ಚು ನಂಬಿಕೆಗೆ ಅರ್ಹ. ಸುಮಾರು 6ರಿಂದ 8 ಇಂಚು ವ್ಯಾಸದ, 2 ಅಡಿ ಅಥವಾ ಅದಕ್ಕಿಂತ ಉದ್ದದ ತಗಡಿನ ಕೊಳವೆಯ ಮೇಲ್ತುದಿಯನ್ನು ಮುಚ್ಚಿ ಕಂಬಕ್ಕೆ ತೊಡಿಸಿದರೆ, ಕೆಳಗಿನಿಂದ ಬಂದ ಅಳಿಲು ಕೊಳವೆಯ ಒಳಗೆ ನುಗ್ಗಿ ಮುಚ್ಚಿದ ತುದಿಗೆ ತಲೆ ತಾಗಿಸಿ ಹಿಂದಿರುಗುತ್ತದೆ. ಹೊರಮೈಯನ್ನು ಅಪ್ಪಿ ಹತ್ತಲು ಅದಕ್ಕೆ ಹಿಡಿತ ಸಿಗುವುದಿಲ್ಲ. ಹೀಗಿದ್ದೂ ಹತ್ತುತ್ತಿದ್ದರೆ ಮೊದಲು ಎತ್ತರ ನೋಡಬೇಕು. ಬೂದು ಅಳಿಲು ನಿಂತಲ್ಲಿಂದ 4–5 ಅಡಿ ಮೇಲಕ್ಕೆ ಹಾರಬಲ್ಲದು. ಕೊಳವೆಯ ಮೇಲ್ತುದಿ ಅದಕ್ಕಿಂತ ಕೆಳಗಿದ್ದರೆ ಅದು ಕೊಳವೆಯನ್ನು ಮುಟ್ಟದೆಯೇ ಅದರ ಮೇಲಿನ ಕಂಬವನ್ನು ಹಿಡಿಯುತ್ತದೆ. ಮೇಲ್ತುದಿ ನೆಲದಿಂದ 5 ಅಡಿ ಇರುವಂತೆ ಏರಿಸಬೇಕು, ಫೀಡರ್ ಅದಕ್ಕಿಂತ ಮೇಲೆ ಇರಬೇಕು.

ಎತ್ತರ ಸರಿಯಿದ್ದರೆ ಕೊಳವೆ ಮತ್ತು ಕಂಬದ ನಡುವಿನ ಸಂದನ್ನು ಪರೀಕ್ಷಿಸಬೇಕು. ಮೇಲ್ತುದಿಯ ಮುಚ್ಚಳ ಕಂಬದ ಸುತ್ತ ಬಿಗಿಯಾಗಿ ಕೂತಿರದಿದ್ದರೆ ದೊಡ್ಡ ಅಳಿಲಿಗೆ ತಡೆಯಾದದ್ದು ಸಣ್ಣ ಅಳಿಲಿಗೆ ಸುರಂಗವಾಗುತ್ತದೆ. ತುಕ್ಕು ಹಿಡಿದ, ಗೀರುಬಿದ್ದ ಅಥವಾ ಹಿಕ್ಕೆ ಒಣಗಿ ಅಂಟಿದ ಹೊರಮೈ ಉಗುರಿಗೆ ಹಿಡಿತ ಕೊಡುತ್ತದೆ. ಉಜ್ಜಿ ತೊಳೆದು, ಬೇಕಿದ್ದರೆ ತಗಡನ್ನೇ ಬದಲಿಸಬೇಕು. ಬ್ಯಾಫಲ್ ಸ್ವಲ್ಪ ಅಲುಗಾಡುತ್ತಿದ್ದರೆ ಅದನ್ನು ದೋಷವೆಂದು ಬಗೆದು ಬಿಗಿಗೊಳಿಸುವವರಿದ್ದಾರೆ. ಅಲುಗಾಟ ಇರಲಿ, ಅಲುಗುವ ಆಸರೆಯನ್ನು ಅಳಿಲು ನಂಬುವುದಿಲ್ಲ.

ಶಂಕುವಿನ ಆಕಾರದ್ದಾದರೆ ಅದರ ಅಗಲ ಕನಿಷ್ಠ 18 ಇಂಚು ಇರಬೇಕು. ಅದಕ್ಕಿಂತ ಕಿರಿದಾದರೆ ಅಳಿಲು ಅಂಚಿನಾಚೆಗೆ ಕೈಚಾಚಿ ಮೇಲೇರುತ್ತದೆ. ಫೀಡರ್‌ನ ಮೇಲೆ ಹಾಕುವ ಗುಮ್ಮಟದ ತಡೆಗೂ ಇದೇ ಮಾತು ಅನ್ವಯಿಸುತ್ತದೆ, ಆದರೆ ಅದು ಕಾಯುವುದು ಮೇಲಿನ ದಾರಿಯನ್ನು ಮಾತ್ರ. ಉದ್ದನೆಯ ಕೊಳವೆ ಫೀಡರ್‌ನ ಮೇಲೆ ಗುಮ್ಮಟ ಹಾಕಿ ಪಕ್ಕದ ಅಂತರವನ್ನು ಕಡೆಗಣಿಸಿದರೆ, ಅಳಿಲು ಗುಮ್ಮಟದ ನೆರಳಿನಲ್ಲೇ ಕೆಳಗಿನ ಕಿಂಡಿಗೆ ಜಿಗಿದು ಹಿಡಿಯುತ್ತದೆ.

ತೂಕಕ್ಕೆ ಮುಚ್ಚಿಕೊಳ್ಳುವ ಫೀಡರ್ ಮುಚ್ಚದಿದ್ದರೆ

ಕಡ್ಡಿಯ ಮೇಲೆ ಭಾರ ಬಿದ್ದಾಗ ಸ್ಪ್ರಿಂಗ್ ಕುಗ್ಗಿ ಹೊರಗವಚ ಕೆಳಗಿಳಿದು ಕಿಂಡಿಯನ್ನು ಮುಚ್ಚುವ ಫೀಡರ್‌ಗಳು ಒಳ್ಳೆಯ ಕಲ್ಪನೆ, ಆದರೆ ಅವುಗಳ ದೋಷಗಳು ಹೊರಗೆ ಕಾಣುವುದಿಲ್ಲ. ಪರೀಕ್ಷೆ ಸುಲಭ. ಒಂದು ಸಣ್ಣ ಪ್ಲಾಸ್ಟಿಕ್ ಚೀಲಕ್ಕೆ 100 ಮಿಲಿಲೀಟರ್ ನೀರು ತುಂಬಿ ಬಾಯಿ ಕಟ್ಟಿದರೆ ಅದು ಹೆಚ್ಚುಕಡಿಮೆ 100 ಗ್ರಾಂ ತೂಕದ ಕಲ್ಲಾಯಿತು. ಅದನ್ನು ಹಕ್ಕಿ ಕೂರುವ ಜಾಗದಲ್ಲೇ ನೇತುಹಾಕಿ, ನೀರನ್ನು ಹಂತಹಂತವಾಗಿ ಹೆಚ್ಚಿಸುತ್ತಾ, ಕಿಂಡಿ ಪೂರ್ತಿ ಮುಚ್ಚುವ ತೂಕವನ್ನು ಗುರುತಿಸಿಕೊಳ್ಳಬೇಕು. ಎಲ್ಲ ಬದಿಯ ಕಡ್ಡಿಗಳಲ್ಲೂ ಇದನ್ನು ಮಾಡಬೇಕು, ಏಕೆಂದರೆ ವಾಲಿ ನೇತಾಡುವ ಫೀಡರ್ ಒಂದು ಬದಿಯಲ್ಲಿ ಸರಿಯಾಗಿ ಮುಚ್ಚಿ ಇನ್ನೊಂದು ಬದಿಯಲ್ಲಿ ಉಜ್ಜಿಕೊಂಡು ನಿಲ್ಲಬಹುದು.

500 ಗ್ರಾಂ ನೇತುಹಾಕಿದರೂ ಮುಚ್ಚದಿದ್ದರೆ ಹೊಂದಾಣಿಕೆಯ ತಿರುಪು ಅತಿ ಬಿಗಿಯಾಗಿದೆ, ಇಲ್ಲವೇ ಸ್ಪ್ರಿಂಗ್‌ಗೆ ತುಕ್ಕು ಹಿಡಿದಿದೆ, ಇಲ್ಲವೇ ಕವಚ ಮತ್ತು ಕೊಳವೆಯ ನಡುವೆ ಕಾಳಿನ ಸಿಪ್ಪೆ ಸಿಕ್ಕಿಕೊಂಡಿದೆ. ಮೂರನೆಯದೇ ಹೆಚ್ಚು, ಅದರಲ್ಲೂ ಮಳೆಗಾಲದಲ್ಲಿ ನೆನೆದ ಹಿಟ್ಟು ಒಣಗಿ ಸಿಮೆಂಟಿನಂತೆ ಕೂತಾಗ. ಬಿಚ್ಚಿ, ತೊಳೆದು, ಪೂರ್ತಿ ಒಣಗಿಸಿ ಮತ್ತೆ ಪರೀಕ್ಷಿಸಬೇಕು. ಕೈಯಿಂದ ಪರೀಕ್ಷಿಸಿದಾಗ ಸರಿಯಾಗಿ ಮುಚ್ಚುವ ಫೀಡರ್ ಅಳಿಲು ಬಂದಾಗ ಮುಚ್ಚುತ್ತಿಲ್ಲವೆಂದರೆ ಭಾರ ಕಡ್ಡಿಯ ಮೇಲೆ ಬೀಳುತ್ತಲೇ ಇಲ್ಲ: ಅಳಿಲು ಮೇಲಿನ ಕೊಕ್ಕೆಯನ್ನೋ ಮುಚ್ಚಳವನ್ನೋ ಹಿಂಗಾಲಿನಿಂದ ಹಿಡಿದು ತಲೆಕೆಳಗಾಗಿ ಕಿಂಡಿಗೆ ಬಾಯಿ ಹಾಕುತ್ತಿದೆ, ಅಥವಾ ಪಕ್ಕದ ಕೊಂಬೆಯ ಮೇಲೆ ಅರ್ಧ ಭಾರ ಉಳಿಸಿಕೊಂಡಿದೆ. ಉದ್ದನೆಯ ತಂತಿಯ ಕೊಕ್ಕೆಯಿಂದ ಫೀಡರನ್ನು ಕೆಳಗಿಳಿಸಿ, ಸುತ್ತ ಒಂದೂವರೆ ಅಡಿಯಷ್ಟು ಜಾಗ ಖಾಲಿ ಬಿಟ್ಟರೆ ಈ ಉಪಾಯ ನಡೆಯುವುದಿಲ್ಲ.

ತಿರುಗುಮುರುಗಾದ ದೂರೂ ಇದೆ: ಹಕ್ಕಿಗಳು ಕೂತರೂ ಕಿಂಡಿ ಮುಚ್ಚಿಕೊಳ್ಳುತ್ತದೆ. ಗುಬ್ಬಚ್ಚಿಯ ತೂಕ ಸುಮಾರು 30 ಗ್ರಾಂ. ನಾಲ್ಕು ಗುಬ್ಬಚ್ಚಿಗಳು ಒಟ್ಟಿಗೆ ಕೂತರೆ 120 ಗ್ರಾಂ ಆಯಿತು. ಸ್ಪ್ರಿಂಗ್ 100 ಗ್ರಾಂಗೆ ಹೊಂದಿಸಿದ್ದರೆ ಅವು ಉಪವಾಸ ಹಾರಿಹೋಗುತ್ತವೆ. ಇಲ್ಲಿಯೇ ಈ ಬಗೆಯ ಫೀಡರ್‌ನ ನಿಜವಾದ ಮಿತಿ ಗೋಚರಿಸುತ್ತದೆ. ಬೂದು ಅಳಿಲು 400ರಿಂದ 600 ಗ್ರಾಂ ತೂಗುವುದರಿಂದ ಅದನ್ನು ಹಕ್ಕಿಯಿಂದ ಬೇರ್ಪಡಿಸುವುದು ಸ್ಪ್ರಿಂಗ್‌ಗೆ ಕಷ್ಟವಲ್ಲ. ಬೆನ್ನಿನ ಮೇಲೆ ಪಟ್ಟೆಗಳಿರುವ ಸಣ್ಣ ಅಳಿಲಿನ ತೂಕ 100 ಗ್ರಾಂ ಆಸುಪಾಸಿನದು. ಗಿಳಿಯೂ ಬೆಳವವೂ ಅದಕ್ಕಿಂತ ಭಾರ. ಅಲ್ಲಿ ಯಾವ ಹೊಂದಾಣಿಕೆಯೂ ಅಳಿಲನ್ನು ಹೊರಗಿಟ್ಟು ಗಿಳಿಯನ್ನು ಒಳಗೆ ಬಿಡಲಾರದು. ಇದು ಯಂತ್ರದ ದೋಷವಲ್ಲ, ಆಯ್ಕೆಯ ದೋಷ. ಸಣ್ಣ ಅಳಿಲಿರುವ ಹಿತ್ತಲಿಗೆ ಕಂಬ, ಅಂತರ ಮತ್ತು ಸಂದಿಲ್ಲದ ಬ್ಯಾಫಲ್‌ಗಳೇ ಗತಿ.

ಫೀಡರ್‌ನ ಸುತ್ತ ಜಾಲರಿ ಇರುವ ಮಾದರಿಗಳಿಗೂ ಇದೇ ತೊಡಕು. ಸುಮಾರು ಒಂದೂವರೆ ಇಂಚಿನ ಕಣ್ಣಿನ ಜಾಲರಿ ಬೆಳೆದ ಬೂದು ಅಳಿಲನ್ನು ತಡೆಯುತ್ತದೆ, ಅದರ ಮರಿಯನ್ನೋ ಸಣ್ಣ ಜಾತಿಯನ್ನೋ ತಡೆಯುವುದಿಲ್ಲ, ದೊಡ್ಡ ಹಕ್ಕಿಯನ್ನಂತೂ ತಡೆದೇ ತಡೆಯುತ್ತದೆ. ಮೋಟರ್‌ನಿಂದ ಕಡ್ಡಿ ತಿರುಗಿ ಅಳಿಲನ್ನು ಕೆಳಗೆ ಎಸೆಯುವ ಫೀಡರ್ ನಿಂತಿದ್ದರೆ ಮೊದಲು ಬ್ಯಾಟರಿ ನೋಡಿ. ಹೆಚ್ಚಿನ ವೇಳೆ ಅಷ್ಟೇ ಆಗಿರುತ್ತದೆ.

ಕಾಳು ಮತ್ತು ಖಾರ

ದಾರಿ ಮುಚ್ಚಲಾಗದ ಜಾಗದಲ್ಲಿ ಮಾತ್ರ ಕಾಳನ್ನು ಬದಲಿಸಿ ನೋಡಬೇಕು. ಸೂರ್ಯಕಾಂತಿ ಬೀಜ, ಶೇಂಗಾ, ಮೆಕ್ಕೆಜೋಳ ಅಳಿಲಿಗೆ ಅಚ್ಚುಮೆಚ್ಚು. ಕುಸುಬೆ ಬೀಜ ಕಹಿಯಾದ್ದರಿಂದ ಅನೇಕ ಅಳಿಲುಗಳು ಅದನ್ನು ಬಿಡುತ್ತವೆ, ಎಲ್ಲವೂ ಬಿಡುವುದಿಲ್ಲ. ಹುಚ್ಚೆಳ್ಳಿನ ಮೇಲೆ ಅವುಗಳಿಗೆ ಅಷ್ಟು ಆಸೆಯಿಲ್ಲ, ಆದರೆ ಅದಕ್ಕೆ ಸಣ್ಣ ಕಿಂಡಿಯ ಪ್ರತ್ಯೇಕ ಫೀಡರ್ ಬೇಕು, ಅದನ್ನು ತಿನ್ನುವ ಹಕ್ಕಿಗಳೂ ಕೆಲವೇ. ಬದಲಾವಣೆಯನ್ನು ಒಮ್ಮೆಲೇ ಮಾಡದೆ, ಹಳೆಯ ಕಾಳಿನ ಪಾಲನ್ನು ಕ್ರಮೇಣ ಇಳಿಸುತ್ತಾ ಹೋದರೆ ಹಕ್ಕಿಗಳು ಫೀಡರ್ ತೊರೆಯುವುದಿಲ್ಲ.

ಮೆಣಸಿನಕಾಯಿಯ ಖಾರ ಸವರಿದ ಕಾಳಿನ ಹಿಂದೆ ನಿಜವಾದ ವಿಜ್ಞಾನವಿದೆ. ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್, ಸಸ್ತನಿಗಳ ನರತುದಿಯಲ್ಲಿರುವ ಟಿಆರ್‌ಪಿವಿ1 ಎಂಬ ಗ್ರಾಹಕವನ್ನು ಕೆರಳಿಸಿ ಉರಿಯನ್ನು ಹುಟ್ಟಿಸುತ್ತದೆ. ಹಕ್ಕಿಗಳಲ್ಲಿರುವ ಅದೇ ಗ್ರಾಹಕ ಕ್ಯಾಪ್ಸೈಸಿನ್‌ಗೆ ಸ್ಪಂದಿಸುವುದಿಲ್ಲ ಎಂಬುದನ್ನು ಕೋಳಿಯ ಗ್ರಾಹಕದ ಮೇಲೆ ನಡೆಸಿ 2002ರಲ್ಲಿ ಪ್ರಕಟಿಸಿದ ಸಂಶೋಧನೆ ತೋರಿಸಿತು. ಈ ಗ್ರಾಹಕವನ್ನು ಗುರುತಿಸಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು. ಆದರೆ ಖಾರದ ಪುಡಿಯನ್ನು ಒಣ ಕಾಳಿಗೆ ಬೆರೆಸಿದರೆ ಅದು ಗಾಳಿಗೆ ಹಾರಿ ತುಂಬಿಸುವವರ ಕಣ್ಣಿಗೂ ಹಕ್ಕಿಯ ಕಣ್ಣಿಗೂ ಬೀಳುತ್ತದೆ, ಒಂದೇ ಮಳೆಗೆ ತೊಳೆದುಹೋಗುತ್ತದೆ. ಖಾರದ ಎಣ್ಣೆ ಸವರಿ ತಯಾರಿಸಿದ ಕಾಳೇ ಲೇಸು, ಅದನ್ನೂ ಕೈಗವಸು ಹಾಕಿಯೇ ಮುಟ್ಟಬೇಕು. ‘ಖಾರ ಹಾಕಿದರೂ ತಿನ್ನುತ್ತಿದೆ’ ಎಂಬ ದೂರು ಬಂದರೆ ಕಾಳು ಮಳೆಗೆ ನೆನೆದಿತ್ತೇ ಎಂಬುದನ್ನು ಮೊದಲು ವಿಚಾರಿಸಬೇಕು.

ಬಳಸಬಾರದ ಉಪಾಯಗಳು

ಕಂಬಕ್ಕೆ ಗ್ರೀಸ್ ಅಥವಾ ವ್ಯಾಸಲೀನ್ ಹಚ್ಚಬಾರದು. ಅದು ಹಕ್ಕಿಯ ಗರಿಗೆ ಅಂಟಿದರೆ ಗರಿ ನೀರನ್ನೂ ಚಳಿಯನ್ನೂ ತಡೆಯುವ ಗುಣವನ್ನು ಕಳೆದುಕೊಳ್ಳುತ್ತದೆ; ಅಳಿಲಿನ ತುಪ್ಪಳಕ್ಕೂ ಅದೇ ಗತಿ. ಅಂಟು ಬಲೆ ಮತ್ತು ವಿಷ ಇನ್ನೂ ಕೆಟ್ಟವು, ವಿಷ ತಿಂದ ದಂಶಕವನ್ನು ಗೂಬೆಯೋ ಗಿಡುಗವೋ ತಿಂದರೆ ಅದೂ ಸಾಯಬಹುದು. ಹಿಡಿದು ದೂರ ಬಿಟ್ಟುಬರುವುದು ಹಲವು ದೇಶಗಳಲ್ಲಿ ಕಾನೂನಿಗೆ ವಿರುದ್ಧ. ಕಾನೂನು ಬಿಟ್ಟರೂ, ಕಾಳು ಸಿಗುವ ದಾರಿ ತೆರೆದೇ ಇರುವಾಗ ಖಾಲಿಯಾದ ಜಾಗಕ್ಕೆ ಮತ್ತೊಂದು ಅಳಿಲು ಬರುತ್ತದೆ. ಅಳಿಲಿಗೆಂದೇ ಬೇರೆ ತಟ್ಟೆಯಲ್ಲಿ ಕಾಳಿಡುವ ಸಲಹೆಯನ್ನು ಅನೇಕರು ಕೊಡುತ್ತಾರೆ. ಕಣ್ಣಿಗೆ ಚೆಂದ, ಆದರೆ ಅದು ದುರಸ್ತಿಯಲ್ಲ. ಹೆಚ್ಚು ಆಹಾರವಿರುವ ಕಡೆಗೆ ಹೆಚ್ಚು ಅಳಿಲುಗಳು ಬರುತ್ತವೆ, ಅವು ಎರಡೂ ತಟ್ಟೆಗಳನ್ನು ನೋಡುತ್ತವೆ.

ದುರಸ್ತಿಯ ನಂತರ

ಸರಿಪಡಿಸಿದ ಮಾರನೆಯ ದಿನವೇ ಫಲ ನಿರೀಕ್ಷಿಸಬಾರದು. ಒಮ್ಮೆ ಬಿಡಿಸಿದ ಒಗಟಿನ ಪರಿಹಾರವನ್ನು ಬೂದು ಅಳಿಲುಗಳು 22 ತಿಂಗಳ ನಂತರವೂ ನೆನಪಿಟ್ಟುಕೊಂಡಿದ್ದನ್ನು ಪ್ರಯೋಗಗಳು ತೋರಿಸಿವೆ. ಹಿಂದೆ ಕಾಳು ಸಿಕ್ಕ ಜಾಗವನ್ನು ಅದು ಸುಮ್ಮನೆ ಬಿಡುವುದಿಲ್ಲ. ಇಂತಹ ಹೊತ್ತಿನಲ್ಲಿ ಅಪರೂಪಕ್ಕೊಮ್ಮೆ ಕಾಳು ಸಿಕ್ಕಿದರೂ ಅದರ ಪ್ರಯತ್ನ ಇನ್ನಷ್ಟು ಗಟ್ಟಿಯಾಗುತ್ತದೆ. ಆದ್ದರಿಂದ ಕಂಬ, ಬ್ಯಾಫಲ್, ಅಂತರ ಎಲ್ಲವೂ ಸಿದ್ಧವಾಗುವವರೆಗೆ ಫೀಡರನ್ನು ಖಾಲಿ ಇಡುವುದೇ ವಾಸಿ. ನೆಲಕ್ಕೆ ಚೆಲ್ಲಿದ ಕಾಳನ್ನು ದಿನವೂ ಗುಡಿಸಬೇಕು, ಇಲ್ಲವಾದರೆ ಅಳಿಲು ಕಂಬದ ಬುಡದಲ್ಲೇ ಉಳಿದು ದಿನವಿಡೀ ಪರೀಕ್ಷೆ ನಡೆಸುತ್ತದೆ. ಎರಡು ವಾರಕ್ಕೊಮ್ಮೆ ಫೀಡರನ್ನು ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ ತೊಳೆದು, ಜಾಲಿಸಿ, ಒಣಗಿಸುವಾಗ ಸ್ಪ್ರಿಂಗನ್ನೂ ಕಿಂಡಿಯ ಅಂಚನ್ನೂ ನೋಡಿಬಿಟ್ಟರೆ ಮುಂದಿನ ದೋಷ ಮೊದಲೇ ಕಣ್ಣಿಗೆ ಬೀಳುತ್ತದೆ.

ಹಿತ್ತಲು ಚಿಕ್ಕದಾಗಿ, ಎತ್ತ ಅಳೆದರೂ 10 ಅಡಿ ಸಿಗದಿದ್ದರೆ ಕಿಟಕಿಯ ಗಾಜಿಗೆ ಅಂಟಿಸುವ ಫೀಡರ್ ಒಂದು ದಾರಿ, ನಯವಾದ ಗಾಜನ್ನು ಅಳಿಲು ಹತ್ತಲಾರದು. ಆದರೆ ಕೆಳಗಿನ ಸಜ್ಜೆ, ಪಕ್ಕದ ಪೈಪು, ಕಿಟಕಿಯ ಕಂಬಿ ಇವುಗಳಿಂದ ಅದೇ ಅಳತೆ ಹಿಡಿಯಬೇಕು. ಕಂಬಿಯಿರುವ ಕಿಟಕಿಗೆ ಇದು ಒಗ್ಗುವುದಿಲ್ಲ. ಗಾಜಿಗೆ ಡಿಕ್ಕಿ ಹೊಡೆದು ಹಕ್ಕಿ ಸಾಯುವ ಭಯವಿದ್ದರೆ, ಫೀಡರ್ ಗಾಜಿಗೆ 3 ಅಡಿಯೊಳಗೆ ಇರುವುದು ಅಥವಾ 30 ಅಡಿಗಿಂತ ದೂರ ಇರುವುದು ಸುರಕ್ಷಿತ; ಹತ್ತಿರದಿಂದ ಹಾರಿದ ಹಕ್ಕಿಗೆ ವೇಗ ಕೂಡಿರುವುದಿಲ್ಲ. ಅಂಟಿಸಿದ ಫೀಡರ್ ಪದೇ ಪದೇ ಬೀಳುತ್ತಿದ್ದರೆ ಅಳಿಲನ್ನು ದೂರುವ ಮೊದಲು ಗಾಜಿನ ಜಿಡ್ಡನ್ನು ತೊಳೆದು, ಗಟ್ಟಿಯಾಗಿ ಬಿರಿದ ರಬ್ಬರ್ ಬಟ್ಟಲುಗಳನ್ನು ಬದಲಿಸಿ ನೋಡಬೇಕು.